ಒಂಬತ್ತರ ಗೇಟು

ಚಾಮರಾಜನಗರ
ಜೂನ್ 9, 2024

ಅತ್ತಿಗೆಗೆ ರೂಪಳ ಶರಣು.

ಕಾಗದ ನೋಡಿ ಗಾಬರಿಯಾಗಬೇಡಿ, ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅವ್ವ ಸ್ಪೀಕರ್ ಹಾಕಿಸಿಕೊಂಡು ನಿಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ವಾಟ್ಸಾಪ್ ಮಾಡಿದರೆ ಅದು ನಿಮ್ಮ ಪಾರ್ಲರಿನ ಟ್ಯಾಬಿನಲ್ಲೂ ತೆರೆದುಕೊಳ್ಳುತ್ತದೆ. ತಲೆಗೆ ಮೆಹಂದಿ ಮೆತ್ತಿಸಿಕೊಂಡು ಕೂತ ಹೆಂಗಸರೆಲ್ಲ ಓದಿ ಮುಗಿಸಿದ ಮೇಲೆ ನಿಮ್ಮ ಸರದಿ. ಅದಕ್ಕೇ ಬಸ್ಸಿನ ಕಂಡಕ್ಟರ್ ದೊರೆಸ್ವಾಮಿ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ. ನೀವೂ ಅವರ ಕೈಲೇ ಕೊಡಿ, ಗುಂಡ್ಲುಪೇಟೆಯಿಂದ ಇಲ್ಲಿಗೆ ಅಂಚೆಗಿಂತ ಅವರೇ ಬೇಗ.

ವಿಷಯ ಇಷ್ಟು. ನಾನೂ ಚಂದ್ರಕುಮಾರನೂ ಸೇರಿ ಮಾಡುತ್ತಿದ್ದ ಆಟ ಮುಗಿದಿದೆ. ಕಥೆ ನನ್ನದು, ಚಿತ್ರ ಮತ್ತು ಕಂಪ್ಯೂಟರ್ ಕೆಲಸ ಅವನದು. ಗುಂಡು ಹೊಡೆಯುವ ಆಟವಲ್ಲ, ಓದಿಕೊಂಡು ಹೋಗುವ ಆಟ. ಚಿತ್ರ ಬರುತ್ತದೆ, ಮಾತು ಬರುತ್ತದೆ, ಅಲ್ಲಲ್ಲಿ ಕಥೆ ನಿಂತು ‘ಈಗ ಏನು ಮಾಡುತ್ತೀ?’ ಎಂದು ಕೇಳುತ್ತದೆ. ನೀವು ಯಾವ ಉತ್ತರ ಒತ್ತುತ್ತೀರೋ ಕಥೆ ಆ ಕಡೆ ತಿರುಗುತ್ತದೆ.

ರಘುನಾಥ ಅಂತ ಒಬ್ಬ. ಗುಂಡ್ಲುಪೇಟೆಯಿಂದ ಕಾಡು ದಾಟಿ ಕೇರಳದ ಬತ್ತೇರಿಗೆ ತರಕಾರಿ ಸಾಗಿಸುವ ಗೂಡ್ಸ್ ಗಾಡಿ ಅವನದು. ಅಣ್ಣನ ಕೆಲಸವನ್ನೇ ಎತ್ತಿ ಅವನಿಗೆ ಕೊಟ್ಟಿದ್ದೇನೆ, ನನಗೆ ಗೊತ್ತಿರುವ ವ್ಯಾಪಾರ ಅದೊಂದೇ ತಾನೆ. ಅವನ ಹೆಂಡತಿ ಭವ್ಯ. ಅವನಿಗೆ ಇನ್ನೊಬ್ಬಳ ಜೊತೆ ಸಂಬಂಧವಿದೆ. ಆಡುವವರು ಭವ್ಯಳಾಗಿ ಆಡಬೇಕು. ಐದನೇ ಅಧ್ಯಾಯದಲ್ಲಿ ಅವಳಿಗೆ ವಿಷಯ ಗೊತ್ತಾಗುತ್ತದೆ. ಆಮೇಲೆ ನಾಲ್ಕು ದಾರಿ, ನಾಲ್ಕು ಮುಕ್ತಾಯ. ಬಿಟ್ಟು ಹೋಗಬಹುದು. ಕ್ಷಮಿಸಬಹುದು. ಗೊತ್ತಿಲ್ಲದವಳ ಹಾಗೆ ಸುಮ್ಮನಿರಬಹುದು. ಇಲ್ಲವೇ ಅವನು ಮಾಡಿದ್ದನ್ನೇ ತಾನೂ ಮಾಡಿ ಮುಯ್ಯಿ ತೀರಿಸಬಹುದು.

ಮೊದಲ ಪರದೆಯಲ್ಲಿ ‘ಹದಿನೆಂಟು ತುಂಬಿದವರಿಗೆ ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಅದನ್ನು ಅವ್ವನ ಕಣ್ಣಿಗೆ ಬೀಳಿಸಬೇಡಿ. ನೀವೂ ಏನೇನೋ ಅಂದುಕೊಳ್ಳಬೇಡಿ. ಒಂದು ಮುತ್ತು ಮತ್ತು ಬಾಗಿಲು ಮುಚ್ಚಿಕೊಳ್ಳುವ ಸದ್ದು ಇದೆ, ಅಷ್ಟೆ.

ಬಿಡುಗಡೆ ಮಾಡುವ ಮೈಸೂರಿನವರು ಒಂದು ಪಟ್ಟು ಹಿಡಿದಿದ್ದಾರೆ. ನಾಲ್ಕರಲ್ಲಿ ಒಂದನ್ನು ‘ನಿಜವಾದ ಮುಕ್ತಾಯ’ ಅಂತ ನಾವೇ ಗುರುತು ಮಾಡಿ ಕೊಡಬೇಕಂತೆ. ಚಂದ್ರು ‘ಬಿಟ್ಟು ಹೋಗೋದೇ ಸರಿ’ ಅನ್ನುತ್ತಾನೆ. ನನಗೆ ನಾಲ್ಕೂ ನನ್ನ ಮಕ್ಕಳ ಹಾಗೆ ಕಾಣುತ್ತವೆ. ನಿಮ್ಮ ಪಾರ್ಲರಿನಲ್ಲಿ ಮೆಹಂದಿ ಒಣಗುವ ತನಕ ಹೆಂಗಸರು ಸುಮ್ಮನೆ ಕೂತಿರುತ್ತಾರಲ್ಲ, ಆಟದ ಲಿಂಕ್ ಟ್ಯಾಬಿಗೆ ಕಳಿಸಿದ್ದೇನೆ, ಅವರ ಕೈಗೆ ಕೊಟ್ಟು ಆಡಿಸಿ. ಯಾರು ಯಾವುದನ್ನು ಇಷ್ಟಪಟ್ಟರು, ಯಾಕೆ ಅಂತ ಬರೆಯಿರಿ. ಮುಖ್ಯವಾಗಿ ನೀವು ಆಡಿ. ಚಿಕ್ಕವಳಿದ್ದಾಗಿನಿಂದ ನಾನು ಬರೆದದ್ದನ್ನು ಓದಿ ನೆಟ್ಟಗೆ ಹೇಳಿದವರು ನೀವೊಬ್ಬರೇ.

ನಿಮ್ಮ ನಾದಿನಿ
ರೂಪಶ್ರೀ

●

ಗುಂಡ್ಲುಪೇಟೆ
ಜುಲೈ 2, 2024

ಪ್ರೀತಿಯ ರೂಪ,

ನಿನ್ನ ಆಟದ ದೆಸೆಯಿಂದ ನನ್ನ ಅಂಗಡಿಯಲ್ಲಿ ಈಗ ಕಾಲಿಡಲು ಜಾಗವಿಲ್ಲ. ಮೆಹಂದಿ ಒಣಗಿ ಉದುರುತ್ತಿದ್ದರೂ ಯಾರೂ ಏಳುವುದಿಲ್ಲ. ತಲೆ ತೊಳೆಸಿಕೊಂಡು ಹೋದವರು ಹುಬ್ಬು ತೀಡಿಸುವ ನೆವದಲ್ಲಿ ಮತ್ತೆ ಬಂದು ಕೂರುತ್ತಾರೆ. ಹುಬ್ಬೇ ಇಲ್ಲದ ಹಾಗಾಗಿದೆ ಕೆಲವರಿಗೆ.

ಬ್ಯಾಂಕಿನ ಹುಡುಗಿ ಮಾನಸ ಗೊತ್ತಲ್ಲ, ಹೋದ ವರ್ಷ ಮದುವೆಯಾದವಳು. ಅವಳು ಹಿಂದೆ ಮುಂದೆ ನೋಡದೆ ಬಿಟ್ಟು ಹೋಗುವುದನ್ನು ಒತ್ತಿದಳು. ‘ಒಂದ್ ನಿಮ್ಸವೂ ಇರಲ್ಲ ಆಂಟಿ ನಾನಾಗಿದ್ರೆ’ ಅಂದಳು. ಅಂದವಳು ಕಣ್ಣು ಒರೆಸಿಕೊಂಡದ್ದನ್ನೂ ನಾನು ನೋಡಿದೆ.

ರಿಟೈರ್ ಆದ ಗುರುಸಿದ್ದಮ್ಮ ಮೇಡಂ ಕ್ಷಮಿಸಿದರು. ನನಗೆ ಆಶ್ಚರ್ಯವಾಯಿತು, ಶಾಲೆಯಲ್ಲಿ ಒಂದು ಕಾಗುಣಿತ ತಪ್ಪಿದರೂ ಕ್ಷಮಿಸದೇ ಇದ್ದವರು. ಕೇಳಿದ್ದಕ್ಕೆ, ‘ಕ್ಷಮಿಸೋದು ಅವನಿಗೋಸ್ಕರ ಅಲ್ಲ ಲಕ್ಷ್ಮಿ. ಸಿಟ್ಟು ಅನ್ನೋದು ತಳ ಹಿಡಿದ ಪಾತ್ರೆ ಇದ್ದ ಹಾಗೆ. ಹಿಡಿಸಿದೋರು ಯಾರೋ, ಉಜ್ಜೋಳು ನಾನು’ ಅಂದರು. ಆಮೇಲೆ ಟ್ಯಾಬನ್ನು ತಿರುಗಿಸಿ ನೋಡಿ, ‘ಹದಿನೆಂಟು ಅಂತ ಹಾಕಿದ್ದಾರೆ, ಇಷ್ಟೇನಾ ಇರೋದು?’ ಅಂತ ಕೇಳಿದರು. ನಿನಗೆ ತಿಳಿಸಬೇಕಂತೆ.

ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ಪುಟ್ಟಸಿದ್ದಮ್ಮ ಕೂಡ ಆಡಿದಳು. ಅವಳಿಗೆ ಓದು ನಿಧಾನ, ನಾನು ಓದಿ ಹೇಳಿದೆ. ಅವಳು ಮುಯ್ಯಿ ತೀರಿಸುವುದನ್ನು ಒತ್ತಿ, ಮೆಹಂದಿ ಹೆಗಲ ಮೇಲೆ ಇಳಿಯುವ ತನಕ ನಕ್ಕಳು. ನಕ್ಕು ಮುಗಿದ ಮೇಲೆ ‘ಇನ್ನೊಂದ್ಸಲ ಆಡುಸು ಕಣವ್ವ’ ಅಂದಳು. ಎರಡನೇ ಸಲ ಸುಮ್ಮನಿರುವುದನ್ನು ಆರಿಸಿದಳು. ‘ಯಾಕೆ?’ ಅಂದೆ. ‘ಮೊದಲ್ನೇದು ಆಸೆ, ಎರಡ್ನೇದು ನಾನು’ ಅಂದಳು. ರೂಪ, ನಾನು ಬಿ.ಎ. ಓದುವಾಗ ಎಷ್ಟೋ ಕಥೆ ಓದಿದ್ದೇನೆ. ಓದಿದವರಿಂದ ಇಂಥ ಮಾತು ಹೊರಡಿಸಿದ ಕಥೆ ಕಮ್ಮಿ. ನಿನ್ನ ಬೆನ್ನು ತಟ್ಟಬೇಕು ಅನಿಸುತ್ತದೆ.

ನಾನೂ ಆಡಿದೆ. ಭವ್ಯ ಬಾಗಿಲಿಗೆ ಚಿಲಕ ಹಾಕುವ ಮುಂಚೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳಲ್ಲ, ಅದು ನನಗೆ ಬಹಳ ಇಷ್ಟವಾಯಿತು. ನಾಲ್ಕು ದಾರಿ ತೆರೆದುಕೊಳ್ಳುವ ಜಾಗಕ್ಕೆ ಬಂದು ನಿಂತಿದ್ದೇನೆ. ಯಾವುದನ್ನೂ ಒತ್ತಿಲ್ಲ.

ಒಂದು ಮಾತು ಕೇಳಬೇಕು. ಮೊದಲನೇ ದೃಶ್ಯದಲ್ಲಿ ಭವ್ಯ ಊಟಕ್ಕೆ ಬಡಿಸುತ್ತಾ ‘ಯಾಕೆ ಇಷ್ಟು ಹೊತ್ತು?’ ಅನ್ನುತ್ತಾಳೆ. ರಘುನಾಥ, ‘ಲೋಡ್ ಇಳ್ಸೋದು ತಡ ಆಯ್ತು, ಒಂಬತ್ತೂವರೆಗೆ ಬತ್ತೇರಿ ಬಿಟ್ಟೆ, ಹನ್ನೊಂದಾಯ್ತು ನೋಡು’ ಅನ್ನುತ್ತಾನೆ. ಆ ಮಾತು ನಿನಗೆ ಎಲ್ಲಿಂದ ಬಂತು?

ಮಾನಸ ನಾಳೆ ಬತ್ತೇರಿಗೆ ಸೀರೆ ತರಲು ಹೋಗುತ್ತಿದ್ದಾಳೆ. ನನ್ನನ್ನೂ ಕರೆದಳು. ಎಂದಿನ ಹಾಗೆ ಕಾಡಿನ ದಾರಿ ತಲೆಸುತ್ತು ಅಂತ ಹೇಳಿ ತಪ್ಪಿಸಿಕೊಂಡೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅತ್ತಿಗೆ
ನಾಗಲಕ್ಷ್ಮಿ

●

ಚಾಮರಾಜನಗರ
ಜುಲೈ 21, 2024

ಅತ್ತಿಗೆ,

ನಿಮ್ಮ ಕಾಗದವನ್ನು ಚಂದ್ರುವಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪುಟ್ಟಸಿದ್ದಮ್ಮನ ಮಾತು ಕೇಳಿ ಅವನು ಎದ್ದು ಕಿಟಕಿ ಹತ್ತಿರ ಹೋಗಿ ನಿಂತುಬಿಟ್ಟ. ಚಂದಕವಾಡಿಯ ಅವನ ಅಜ್ಜಿಯೂ ಹೀಗೇ ಮಾತಾಡುತ್ತಿದ್ದಳಂತೆ.

ಬೇರೆ ಊರಿನವರೂ ಆಡಿ ಬರೆದು ಕಳಿಸುತ್ತಿದ್ದಾರೆ. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ ಕಡೆಯ ಹೆಂಗಸರು ಹೆಚ್ಚುಕಡಿಮೆ ಎಲ್ಲರೂ ಬಿಟ್ಟು ಹೋಗುತ್ತಾರೆ. ಗಂಡಸರು ಕ್ಷಮೆ ಎಲ್ಲಿದೆ ಅಂತ ಹುಡುಕಿಕೊಂಡು ಹೋಗಿ ಒತ್ತುತ್ತಾರೆ. ಹಾಗಂತ ಅವರನ್ನೆಲ್ಲ ನೋಡಿ ನಗುವಂತಿಲ್ಲ. ಧಾರವಾಡದ ಒಬ್ಬರು ಬಿಟ್ಟು ಹೋಗುವುದನ್ನೇ ಆರಿಸಿ, ಕೆಳಗೆ ಒಂದೇ ಸಾಲು ಬರೆದಿದ್ದರು. ‘ನಮ್ಮ ತಾಯಿಗೆ ಈ ದಾರಿ ಇರಲಿಲ್ಲ, ಅವಳ ಪರವಾಗಿ ಒತ್ತಿದ್ದೇನೆ.’ ನಾವು ಮಾಡಿದ ಆಟಕ್ಕಿಂತ ಆಡುವವರೇ ದೊಡ್ಡವರು ಅತ್ತಿಗೆ.

ಆದರೆ ಒಂದು ನನಗೆ ಬಗೆಹರಿಯುತ್ತಿಲ್ಲ. ಸ್ವಂತ ಸಂಪಾದನೆ ಇರುವವಳು ಬಿಟ್ಟು ಹೋಗುತ್ತಾಳೆ, ಇಲ್ಲದವಳು ಉಳಿಯುತ್ತಾಳೆ ಅಂತ ನಾನು ಲೆಕ್ಕ ಹಾಕಿದ್ದೆ. ಗುರುಸಿದ್ದಮ್ಮ ಮೇಡಂಗೆ ಪಿಂಚಣಿ ಬರುತ್ತದೆ. ಪುಟ್ಟಸಿದ್ದಮ್ಮ ಯಾರ ಹಂಗಿನಲ್ಲೂ ಇಲ್ಲ. ನಿಮ್ಮ ಪಾರ್ಲರಿಗೆ ಬರುವವರೆಲ್ಲ ಗಟ್ಟಿಗಿತ್ತಿಯರು, ಆದರೂ ಮಾನಸಳನ್ನು ಬಿಟ್ಟರೆ ಎದ್ದು ಹೋದವರು ಕಮ್ಮಿ. ಗುಂಡ್ಲುಪೇಟೆಯ ಹೆಂಗಸರಿಗೆ ಮಾತ್ರ ಯಾಕೆ ಬೇರೆ ಮುಕ್ತಾಯ ಹಿಡಿಸುತ್ತದೆ? ಒಂದೇ ಕಥೆ, ಒಂದೇ ಚಿತ್ರ. ಎಲ್ಲೋ ನನ್ನ ಕಣ್ಣಿಗೆ ಬೀಳದ್ದು ಅವರ ಕಣ್ಣಿಗೆ ಬಿದ್ದಿದೆ.

ನೀವು ಕೇಳಿದ ಮಾತು ಅಣ್ಣನದೇ. ನಾನು ಡಿಗ್ರಿ ಓದುತ್ತಿದ್ದಾಗ ಒಂದು ಸಲ ಊಟಕ್ಕೆ ಕೂತು ಹಾಗೇ ಹೇಳಿದ್ದ. ಯಾಕೋ ಆ ಸಾಲು ತಲೆಯಲ್ಲಿ ಉಳಿದುಬಿಟ್ಟಿತ್ತು, ಹಾಗೇ ಇಳಿಸಿದೆ. ಚಂದ್ರು ಬತ್ತೇರಿಯಿಂದ ದೂರವನ್ನೂ ನೋಡಿ ಸರಿಯಾಗಿದೆ ಅಂದ. ಏನಾದರೂ ತಪ್ಪಿದೆಯಾ?

ಬೇಗ ಆಡಿ ಮುಗಿಸಿ. ನಿಮ್ಮದು ಯಾವುದು ಅಂತ ತಿಳಿಯದೆ ನನಗೆ ನಿದ್ದೆ ಹತ್ತುತ್ತಿಲ್ಲ.

ರೂಪ

●

ಗುಂಡ್ಲುಪೇಟೆ
ಆಗಸ್ಟ್ 18, 2024

ರೂಪ,

ಬರೆಯಲೋ ಬೇಡವೋ ಅಂತ ಇಷ್ಟು ದಿನ ತಡಮಾಡಿದೆ. ನೀನು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಮೊದಲ ದಿನವೇ ಗೊತ್ತಿತ್ತು. ಉತ್ತರ ಹೇಳಿದರೆ ಇನ್ನೊಂದನ್ನೂ ಹೇಳಿದ ಹಾಗಾಗುತ್ತದೆ. ಆಗಲಿ ಬಿಡು.

ಕಾಡಿನ ಗೇಟು ಒಂಬತ್ತಕ್ಕೆ ಮುಚ್ಚುತ್ತದೆ.

ನಿನಗೂ ಗೊತ್ತು, ಇಲ್ಲೇ ಹುಟ್ಟಿದವಳು. ಬರೆಯುವಾಗ ಮರೆತಿದ್ದೀಯ, ಅಷ್ಟೆ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಬಂಡೀಪುರದ ದಾರಿಯಲ್ಲಿ ಗೂಡ್ಸ್ ಗಾಡಿ ಬಿಡುವುದಿಲ್ಲ. ಒಂಬತ್ತೂವರೆಗೆ ಬತ್ತೇರಿ ಬಿಟ್ಟವನು ಮೂಲೆಹೊಳೆ ಗೇಟಿನಲ್ಲಿ ಲಾರಿಗಳ ಸಾಲಿನಲ್ಲಿ ಮಲಗಬೇಕು. ಕೊಡಗಿನ ಕುಟ್ಟದ ಮೇಲೆ ಸುತ್ತಿ ಬಂದರೆ ಬೆಳಕು ಹರಿಯುತ್ತದೆ. ಹನ್ನೊಂದಕ್ಕೆ ಮನೆಯಲ್ಲಿ ಊಟಕ್ಕೆ ಕೂತಿದ್ದಾನೆ ಅಂದರೆ ಅವನು ಯಾವಾಗಲೋ ಗೇಟು ದಾಟಿ ಈ ಕಡೆ ಬಂದಾಗಿತ್ತು. ಉಳಿದ ಹೊತ್ತು ಬೇರೆ ಎಲ್ಲೋ ಇದ್ದ.

ಆ ಸಾಲು ಓದಿ ಹೇಳಿದಾಗ ಪುಟ್ಟಸಿದ್ದಮ್ಮ ನನ್ನನ್ನು ಅಲ್ಲೇ ನಿಲ್ಲಿಸಿದಳು. ‘ಸುಳ್ಳ ಏಳ್ತಾವ್ನೆ ಕಣವ್ವ ಇವ್ನು. ಗೇಟ್ ಬಿದ್ಮೇಕೆ ಆನೆ ಮ್ಯಾಲೆ ಕುಂತ್ಕಂಡು ಬಂದ್ನಾ?’ ಅಂದಳು. ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮಾನಸ ಒಬ್ಬಳೇ ನಗಲಿಲ್ಲ. ಅವಳ ತವರು ಶಿವಮೊಗ್ಗ, ಯಾವಾಗಲೂ ಹಗಲಿನಲ್ಲೇ ಹೋಗಿ ಬರುವವಳು, ಗೇಟಿನ ವಿಷಯ ಅವಳಿಗೆ ತಿಳಿಯದು.

ಈಗ ಯೋಚನೆ ಮಾಡು. ಭವ್ಯಳಿಗೆ ಐದನೇ ಅಧ್ಯಾಯದಲ್ಲಿ ಗೊತ್ತಾಗುತ್ತದೆ ಅಂತ ನೀನು ಬರೆದಿದ್ದೀಯ. ಹೊರಗಿನವರು ಅವಳ ಜೊತೆ ನಂಬಿಕೊಂಡು ಬರುತ್ತಾರೆ, ಐದಕ್ಕೆ ಬಂದಾಗ ಕಾಲ ಕೆಳಗಿನ ನೆಲ ಜಾರುತ್ತದೆ, ಬಿಟ್ಟು ಹೋಗುತ್ತಾರೆ. ಮಾನಸಳೂ ಹಾಗೇ ಹೋದಳು. ನಮ್ಮ ಹೆಂಗಸರಿಗೆ ಮೊದಲನೇ ದೃಶ್ಯದಲ್ಲೇ ಗೊತ್ತು. ಭವ್ಯಳೂ ಈ ಊರಿನವಳೇ, ಅವಳಿಗೂ ಗೊತ್ತಿರಲೇಬೇಕು. ಗೊತ್ತಿದ್ದೂ ಸಾರು ಬಡಿಸಿದಳು. ಮಾರನೆ ದಿನ ಬಟ್ಟೆ ಒಗೆದಳು, ಹಬ್ಬ ಮಾಡಿದಳು. ಅವರು ಆಡಿದ್ದು ಮೋಸ ಹೋದವಳ ಕಥೆಯನ್ನಲ್ಲ. ಗೊತ್ತಿದ್ದೂ ಬಾಳಿದವಳ ಕಥೆಯನ್ನು. ಇದ್ದಕ್ಕಿದ್ದಂತೆ ಎದ್ದು ಹೋಗುವುದು ಅವಳಿಗೆ ಹೊಂದುವುದಿಲ್ಲ ಅಂತ ಅವರಿಗೆ ಅನಿಸಿತು.

ನಿನ್ನ ಅಣ್ಣ ಆ ಮಾತು ಹೇಳಿದ ದಿನ ನಾನು ಮುದ್ದೆ ಇಡುತ್ತಿದ್ದೆ. ನೀನು ಅವರ ಎಡಗಡೆ ಕೂತಿದ್ದೆ. ಹುರುಳಿಕಾಳಿನ ಸಾರು.

ನಾಗಲಕ್ಷ್ಮಿ

●

ಚಾಮರಾಜನಗರ
ಸೆಪ್ಟೆಂಬರ್ 15, 2024

ಅತ್ತಿಗೆ,

ಏನು ಬರೆಯಬೇಕೋ ತಿಳಿಯದೆ ಹಾಳೆ ಹರಿದು ಹರಿದು ಹಾಕಿದ್ದೇನೆ.

ಮೊನ್ನೆ ಅಣ್ಣ ಇಲ್ಲಿಗೆ ಬಂದಿದ್ದ. ಒಂದು ಚೀಲ ಬೀನ್ಸು, ಎಲೆಕೋಸು ಇಳಿಸಿದ. ‘ಯಾಕಮ್ಮಿ ಸಪ್ಪಗಿದ್ದೀಯ, ಊಟ ಮಾಡ್ತಾ ಇದ್ದೀಯೋ ಇಲ್ವೋ?’ ಅಂದ. ಅವನ ಮುಖ ನೋಡಲಾಗದೆ ಬೀನ್ಸಿನ ಚೀಲವನ್ನೇ ನೋಡುತ್ತಾ ನಿಂತಿದ್ದೆ. ನನ್ನ ಫೀಸು ಕಟ್ಟಿದವನು, ಈ ಆಟ ಮಾಡುತ್ತೇನೆ ಅಂದಾಗ ಎಲ್ಲರೂ ನಕ್ಕರೂ ನಗದೇ ಇದ್ದವನು. ಸಿಟ್ಟು ಮಾಡಿಕೊಳ್ಳೋಣವೆಂದರೆ ಅದೂ ಪೂರ್ತಿ ಬರುವುದಿಲ್ಲ. ಬಾರದಿದ್ದುದಕ್ಕೆ ನಿಮ್ಮ ಮುಂದೆ ನಾಚಿಕೆಯಾಗುತ್ತದೆ.

ನಿಮ್ಮನ್ನು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಅದೇ ಮಾತು ನನ್ನ ಕಿವಿಗೂ ಬಿತ್ತು, ನಿಮ್ಮ ಕಿವಿಗೂ ಬಿತ್ತು. ನಾನು ಸಾರು ಇನ್ನೊಂದು ಸೌಟು ಹಾಕಿಸಿಕೊಂಡೆ. ನೀವು ಹಾಕಿದಿರಿ. ಇಷ್ಟು ವರ್ಷ ಆ ತಾಳ್ಮೆಯನ್ನು ಎಲ್ಲಿಟ್ಟುಕೊಂಡಿದ್ದಿರಿ? ನಾನು ಕಂಡ ಹೆಂಗಸರಲ್ಲಿ ನಿಮ್ಮಷ್ಟು ದೊಡ್ಡವರನ್ನು ಕಾಣೆ. ಇದನ್ನು ಎದುರಿಗೆ ಹೇಳಿದರೆ ನೀವು ಗದರುತ್ತೀರಿ, ಅದಕ್ಕೇ ಬರೆದೆ.

‘ಒಂಬತ್ತೂವರೆ ತೆಗೆದು ಏಳೂವರೆ ಅಂತ ಮಾಡಿದ್ರೆ ಮುಗೀತು’ ಅನ್ನುತ್ತಾನೆ ಚಂದ್ರು. ಅವನಿಗೆ ಮನೆಯ ವಿಷಯ ಹೇಳಿಲ್ಲ. ನನಗೆ ಇಡೀ ಆಟವನ್ನೇ ಅಳಿಸಿಬಿಡೋಣ ಅನಿಸುತ್ತಿದೆ. ಗೊತ್ತಿಲ್ಲದೆ ನಿಮ್ಮ ಬದುಕನ್ನು ತಂದು ಟ್ಯಾಬಿನಲ್ಲಿ ಹಾಕಿ, ನಿಮ್ಮ ಅಂಗಡಿಗೇ ಕಳಿಸಿದ್ದೇನೆ. ಇಟ್ಟುಕೊಳ್ಳುವುದೋ ಬಿಡುವುದೋ ನೀವು ಹೇಳಿ. ನೀವು ಬೇಡ ಅಂದರೆ ಮೈಸೂರಿನವರಿಗೆ ನಾಳೆಯೇ ಇಲ್ಲ ಎಂದು ಬರೆಯುತ್ತೇನೆ.

ರೂಪ

●

ಗುಂಡ್ಲುಪೇಟೆ
ಅಕ್ಟೋಬರ್ 6, 2024

ರೂಪ,

ಅಳಿಸಬೇಡ. ತಿದ್ದಲೂ ಬೇಡ. ಒಂಬತ್ತೂವರೆ ಒಂಬತ್ತೂವರೆಯಾಗಿಯೇ ಇರಲಿ.

ಮೊದಲು ನಿನ್ನ ಹೊಗಳಿಕೆ ವಾಪಸ್ಸು ತೆಗೆದುಕೋ. ತಾಳ್ಮೆ ಅಂತ ಬರೆದಿದ್ದೀಯ. ಅದು ತಾಳ್ಮೆಯಲ್ಲ ಕಣೆ, ಹಠ. ಅವತ್ತು ನಾನು ಕೇಳಿದ್ದರೆ ಆ ಸುಳ್ಳಿನ ಬೆನ್ನಿಗೆ ಇನ್ನೊಂದು ಸುಳ್ಳು ಬರುತ್ತಿತ್ತು. ಕೇಳಿ ಹೊರಡಿಸಿದ ನಿಜ ನನಗೆ ಬೇಕಿರಲಿಲ್ಲ. ತಾನಾಗಿ ಹೇಳಲಿ ಅಂತ ಕೂತೆ. ಅದರ ಮುಂದಿನ ವರ್ಷವೇ ಪಾರ್ಲರ್ ಹಾಕಿದೆ. ಹೋಗಬೇಕು ಅನಿಸಿದ ದಿನ ಹೋಗಲು ಒಂದು ಬಾಗಿಲು ಇರಲಿ ಅಂತ. ಆ ಬಾಗಿಲು ತೆರೆದಿಟ್ಟುಕೊಂಡೇ ಮನೆಯೊಳಗೆ ಇದ್ದೇನೆ.

ಅವಳು ಯಾರು ಅಂತ ನನಗೆ ಗೊತ್ತು, ನಿನಗೆ ಬೇಡ. ಈ ಊರಿನಲ್ಲಿ ಈಗ ಇಲ್ಲ. ಅದು ತಾನಾಗಿ ಮುಗಿದದ್ದು ಕೂಡ ನನಗೆ ತಿಳಿಯಿತು. ಆ ಮೇಲೆ ನಿನ್ನ ಅಣ್ಣ ಸಂಜೆ ದೀಪ ಹಚ್ಚುವುದರೊಳಗೆ ಮನೆಯಲ್ಲಿ. ನನಗೆ ಹುಷಾರಿಲ್ಲದಾಗ ಕಾಲು ಒತ್ತಿದ್ದಾರೆ, ನನ್ನ ಅಂಗಡಿಗೆ ಕನ್ನಡಿ ತಾವೇ ಹೊತ್ತು ತಂದು ಹಾಕಿದ್ದಾರೆ. ಒಳ್ಳೆಯ ಮನುಷ್ಯ. ಆ ಒಂದು ಮಾತು ಮಾತ್ರ ಇಬ್ಬರ ನಡುವೆ ಹಾಗೇ ಕೂತಿದೆ. ಬತ್ತೇರಿ ಅಂದರೆ ನನ್ನ ಪಾಲಿಗೆ ಊರಲ್ಲ, ಒಂದು ಸುಳ್ಳಿನ ಹೆಸರು. ಅದಕ್ಕೇ ಯಾರು ಕರೆದರೂ ಹೋಗುವುದಿಲ್ಲ. ತಲೆಸುತ್ತೂ ಇಲ್ಲ, ಮಣ್ಣೂ ಇಲ್ಲ.

ಈಗ ನಿನ್ನ ಆಟದ ವಿಷಯ. ನನ್ನದು ಯಾವುದು ಅಂತ ಕೇಳಿದ್ದೆಯಲ್ಲ, ನಾನು ಇನ್ನೂ ಯಾವುದನ್ನೂ ಒತ್ತಿಲ್ಲ. ನಾಲ್ಕೂ ಚೆನ್ನಾಗಿವೆ. ಪುಟ್ಟಸಿದ್ದಮ್ಮನಿಗೆ ತಕ್ಕದ್ದು ಇದೆ, ಮೇಡಂಗೆ ತಕ್ಕದ್ದು ಇದೆ. ಒಬ್ಬೊಬ್ಬರು ತಮಗೆ ಸಿಗದೇ ಹೋದದ್ದನ್ನೋ, ತಾವು ಉಳಿಸಿಕೊಂಡದ್ದನ್ನೋ ಒತ್ತುತ್ತಾರೆ. ಯಾರದೂ ತಪ್ಪಲ್ಲ. ನನಗೆ ಮಾತ್ರ ಒಂದು ನ್ಯಾಯ ತಿಳಿಯಲಿಲ್ಲ. ತಪ್ಪು ಮಾಡಿದವನು ಅವನು. ಆರಿಸಬೇಕಾದವಳು ಇವಳು. ಬಿಡುವುದೂ ಇವಳ ಕೆಲಸ, ಕ್ಷಮಿಸುವುದೂ ಇವಳ ಕೆಲಸ, ಸುಮ್ಮನಿರುವುದೂ ಇವಳದೇ. ರಘುನಾಥ ಉಂಡು ಕೈ ತೊಳೆದುಕೊಂಡು ಕೂತಿದ್ದಾನೆ. ಅವನ ಕೈಗೂ ಒಂದು ಸಲ ಆಟ ಕೊಡು ನೋಡೋಣ.

ಇದು ಆಟದಲ್ಲಿ ಆಗುತ್ತದೋ ಇಲ್ಲವೋ ನನಗೆ ತಿಳಿಯದು. ಮನೆಯಲ್ಲಂತೂ ಇದುವರೆಗೂ ಆಗಿಲ್ಲ.

ಅವ್ವನ ಮಂಡಿ ನೋವು ಈಗ ಪರವಾಗಿಲ್ಲ. ನಿನ್ನ ಅಣ್ಣನ ಮೇಲೆ ಮುಖ ಗಂಟಿಕ್ಕಿಕೊಳ್ಳಬೇಡ. ಆ ಸಿಟ್ಟು ನನ್ನದು, ನಾನೇ ಇಟ್ಟುಕೊಳ್ಳುತ್ತೇನೆ.

ಅತ್ತಿಗೆ

●

ಚಾಮರಾಜನಗರ
ನವೆಂಬರ್ 24, 2024

ಅತ್ತಿಗೆಗೆ ಶರಣು.

ದೀಪಾವಳಿಗೆ ಬರಲಿಲ್ಲ ಅಂತ ಅವ್ವ ಫೋನಿನಲ್ಲಿ ಬೈದದ್ದು ನಿಮಗೂ ಕೇಳಿಸಿರಬೇಕು. ನಿಮ್ಮ ಕಾಗದ ಬಂದಾಗಿನಿಂದ ನಾವಿಬ್ಬರೂ ತಲೆ ಎತ್ತಿಲ್ಲ. ನಿಮ್ಮ ಮಾತನ್ನು ಮನೆಯ ವಿಷಯ ಬಿಟ್ಟು ಚಂದ್ರುವಿಗೆ ಹೇಳಿದೆ. ‘ಇದು ಮೊದಲೇ ಯಾಕೆ ಹೊಳೀಲಿಲ್ಲ ನಮಗೆ’ ಅಂತ ಹಣೆ ಚಚ್ಚಿಕೊಂಡ.

ಹೊಸ ಅಧ್ಯಾಯ ಸೇರಿಸಿದ್ದೇವೆ. ಐದನೆಯದು ಮುಗಿದ ತಕ್ಷಣ ಕಥೆ ಹಿಂದಕ್ಕೆ, ಆ ಮೊದಲನೇ ದಿನಕ್ಕೆ ಹೋಗುತ್ತದೆ. ಮೂಲೆಹೊಳೆಯ ಗೇಟು ಬೀಳುತ್ತಿದೆ. ಬೋರ್ಡು ಕಾಣುತ್ತದೆ, ಆ ಕಡೆ ನಿಂತ ಲಾರಿಗಳ ಸಾಲು ಕಾಣುತ್ತದೆ. ರಘುನಾಥನ ಗಾಡಿ ಈ ಕಡೆ ಬಂದಾಗಿದೆ. ಹೊರಗಿನವರಿಗೂ ಈಗ ಗೊತ್ತಾಗುತ್ತದೆ. ಆಮೇಲೆ ಮನೆ, ತಟ್ಟೆ, ಹಬೆಯಾಡುವ ಮುದ್ದೆ. ಭವ್ಯ ‘ಯಾಕೆ ಇಷ್ಟು ಹೊತ್ತು?’ ಅನ್ನುತ್ತಾಳೆ. ಆಟ ಈಗ ನಿಮ್ಮನ್ನು ರಘುನಾಥ ಅಂತ ಕರೆಯುತ್ತದೆ. ಎರಡೇ ಉತ್ತರ. ಒಂದು, ‘ಒಂಬತ್ತೂವರೆಗೆ ಬತ್ತೇರಿ ಬಿಟ್ಟೆ.’ ಇನ್ನೊಂದು, ‘ಭವ್ಯ, ಕೂತ್ಕೋ.’

ಏನೂ ಒತ್ತದಿದ್ದರೆ ಆಟ ಮುಂದೆ ಹೋಗುವುದಿಲ್ಲ. ಚಂದ್ರು ಮುದ್ದೆಯ ಹಬೆ ಮೆಲ್ಲಗೆ ತೆಳ್ಳಗಾಗಿ ನಿಂತುಹೋಗುವ ಹಾಗೆ ಬರೆದಿದ್ದಾನೆ. ಭವ್ಯ ಅಲ್ಲೇ ನಿಂತಿರುತ್ತಾಳೆ. ನಿಮ್ಮನ್ನು ಕಾಣದೆಯೇ ಅವನು ಅವಳಿಗೆ ನಿಮ್ಮ ನಿಲುವು ಹೇಗೆ ಕೊಟ್ಟನೋ ನನಗೆ ಗೊತ್ತಿಲ್ಲ.

ಸುಳ್ಳನ್ನು ಒತ್ತಿದರೆ ಕಥೆ ಮೊದಲಿನ ಹಾಗೇ ಸಾಗುತ್ತದೆ. ‘ಕೂತ್ಕೋ’ ಒತ್ತಿದರೆ ಆಟ ತಿರುಗಿ ಭವ್ಯಳ ಕೈಗೆ ಬರುತ್ತದೆ. ಆಗ ನಾಲ್ಕು ದಾರಿ ತೆರೆಯುತ್ತವೆ. ನಿಜ ಕೇಳಿದ ಮೇಲೆ ಆರಿಸುವುದು ಬೇರೆ, ಕದ್ದು ತಿಳಿದುಕೊಂಡು ಆರಿಸುವುದು ಬೇರೆ. ಇದನ್ನು ನಿಮ್ಮಿಂದ ಕಲಿತೆ. ನಿಜವಾದ ಮುಕ್ತಾಯ ಅಂತ ಯಾವುದಕ್ಕೂ ಗುರುತು ಹಾಕುವುದಿಲ್ಲ ಎಂದು ಮೈಸೂರಿನವರಿಗೆ ಖಂಡಿತವಾಗಿ ಹೇಳಿದೆ. ಹೊಸ ಅಧ್ಯಾಯ ಆಡಿ ನೋಡಿ ಅವರೂ ಸುಮ್ಮನಾದರು.

ಆಡಿದ ಗಂಡಸರಲ್ಲಿ ಎಷ್ಟೋ ಜನ ಆ ತಟ್ಟೆಯ ಮುಂದೆ ಆಟ ಮುಚ್ಚಿ ಹೋಗುತ್ತಾರೆ. ಕೆಲವರು ಮಾರನೆ ದಿನ ಬಂದು ಒತ್ತುತ್ತಾರೆ. ಬಂದವರ ಬಗ್ಗೆ ನನಗೆ ಗೌರವ ಹುಟ್ಟಿದೆ.

ಹೊಸದನ್ನು ನಿಮ್ಮ ಟ್ಯಾಬಿಗೆ ಹಾಕಿದ್ದೇನೆ. ಕಥೆ ಬರೆದವರು ಅನ್ನುವ ಕಡೆ ನನ್ನ ಹೆಸರಿನ ಜೊತೆ ನಿಮ್ಮ ಹೆಸರೂ ಹಾಕಲಾ ಅಂತ ಕೇಳಬೇಕೆಂದಿದ್ದೆ. ನೀವು ಗದರುತ್ತೀರಿ, ಗೊತ್ತು.

ರೂಪ

●

ಗುಂಡ್ಲುಪೇಟೆ
ಜನವರಿ 19, 2025

ಪ್ರೀತಿಯ ರೂಪ,

ನನ್ನ ಹೆಸರು ಹಾಕಬೇಡ. ಹಾಕಿದರೆ ಪುಟ್ಟಸಿದ್ದಮ್ಮ ತನ್ನದೂ ಹಾಕಿ ಅಂತಾಳೆ, ಅವಳು ಕೇಳಿದರೆ ನ್ಯಾಯವೂ ಇದೆ.

ನಿನ್ನ ಹೊಸ ಅಧ್ಯಾಯಕ್ಕೆ ಅಂಗಡಿಯೇ ತಲೆದೂಗಿತು. ಮಾನಸ ಈ ಸಲವೂ ಬಿಟ್ಟೇ ಹೋದಳು, ಆದರೆ ‘ಈ ಸಲ ಅಳು ಬರ್ಲಿಲ್ಲ ಆಂಟಿ’ ಅಂದಳು. ಮೇಡಂ ರಘುನಾಥನಾಗಿ ಬಹಳ ಹೊತ್ತು ಕೂತಿದ್ದು, ‘ಪಾಪ, ಇವನಿಗೂ ಕಷ್ಟವೇ’ ಅಂದರು. ಅದೇನು ಸಣ್ಣ ಮಾತಲ್ಲ ರೂಪ.

ಈಗ ಮನೆಯ ವಿಷಯ. ಹೋದ ಭಾನುವಾರ ಕುದೇರಿನಲ್ಲಿ ಗೃಹಪ್ರವೇಶವಿತ್ತು. ನನ್ನನ್ನು ಕರೆದುಕೊಂಡು ಹೋಗಲು ನಿನ್ನ ಅಣ್ಣ ಬೆಳಿಗ್ಗೆಯೇ ಅಂಗಡಿಗೆ ಬಂದರು. ನಾನು ಪುಟ್ಟಸಿದ್ದಮ್ಮನ ತಲೆಗೆ ಮೆಹಂದಿ ಹಚ್ಚುತ್ತಿದ್ದೆ. ‘ಇದು ಮುಗೀಲಿ, ಕೂತಿರಿ’ ಅಂದೆ. ಬೇಸರಕ್ಕೆ ಟ್ಯಾಬ್ ಎತ್ತಿಕೊಂಡರು. ಪರದೆ ಮೇಲೆ ನಿನ್ನ ಹೆಸರು ಕಂಡು, ‘ಇದಾ ನಮ್ ರೂಪ ಮಾಡಿರೋ ಆಟ?’ ಅಂತ ಖುಷಿಯಾದರು. ಅದಕ್ಕೆ ಮುಂಚೆ ಆಡುತ್ತಿದ್ದವರು ಯಾರೋ ಹೊಸ ಅಧ್ಯಾಯದ ಶುರುವಿನಲ್ಲೇ ಬಿಟ್ಟು ಹೋಗಿದ್ದರು. ನಾನು ಇಟ್ಟದ್ದಲ್ಲ. ತಡೆಯಲೂ ಇಲ್ಲ.

ಕನ್ನಡಿಯಲ್ಲಿ ನನಗೆ ಅವರ ಮುಖ ಕಾಣುತ್ತಿತ್ತು, ಅವರೇ ಹೊತ್ತು ತಂದು ಹಾಕಿದ ಕನ್ನಡಿ. ಗೇಟು ಬಿದ್ದದ್ದು ನೋಡಿದರು. ತಟ್ಟೆ ನೋಡಿದರು. ಬೆರಳು ಪರದೆಯ ಹತ್ತಿರ ಹೋಯಿತು, ನಿಂತಿತು. ಹಬೆ ನಿಲ್ಲುವ ತನಕ ಹಾಗೇ ಕೂತಿದ್ದರು. ಪುಟ್ಟಸಿದ್ದಮ್ಮ ಕಣ್ಣು ಮುಚ್ಚಿಕೊಂಡಳು. ಆ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನಾನು ಹಿಂದೆ ನೋಡಿಲ್ಲ.

ನಿನ್ನ ಅಣ್ಣ ಯಾವುದನ್ನೂ ಒತ್ತಲಿಲ್ಲ. ಟ್ಯಾಬನ್ನು ಮಡಿಲಲ್ಲಿ ಇಟ್ಟುಕೊಂಡು, ‘ಲಕ್ಷ್ಮೀ, ಒಂಬತ್ಕೆ ಗೇಟ್ ಮುಚ್ಬುಡ್ತಾರೆ ಕಣೆ’ ಅಂದರು.

‘ಗೊತ್ತು ಕಣ್ರೀ’ ಅಂದೆ.

‘ಅವತ್ತೂ ಗೊತ್ತಿತ್ತಾ?’

‘ಅವತ್ತೂ ಗೊತ್ತಿತ್ತು.’

ಮೆಹಂದಿ ಮುಗಿಸಿ ಕೈ ತೊಳೆದುಕೊಂಡೆ. ಕುದೇರಿಗೆ ಹೋಗಲಿಲ್ಲ. ಊರು ದಾಟಿ ಒಂದು ಹುಣಸೆ ಮರದ ಕೆಳಗೆ ಗಾಡಿ ನಿಲ್ಲಿಸಿ ಎಲ್ಲ ಹೇಳಿದರು. ನನಗೆ ಗೊತ್ತಿದ್ದದ್ದೇ ಹೆಚ್ಚು. ಆದರೂ ಅವರ ಬಾಯಲ್ಲಿ ಕೇಳುವುದು ಬೇರೆ ಕಣೆ. ಅಳು ಬಂತು, ಅತ್ತುಬಿಟ್ಟೆ. ಇಷ್ಟು ವರ್ಷಕ್ಕೆ ಅವರ ಮುಂದೆ ಅತ್ತದ್ದು ಅದೇ ಮೊದಲು. ‘ರೂಪಂಗೂ ಗೊತ್ತಾ?’ ಅಂದರು. ಅವಳಿಗೆ ಗೊತ್ತಿಲ್ಲದೇನೇ ಗೊತ್ತಿತ್ತು ಅಂದೆ. ಅರ್ಥವಾಗಲಿಲ್ಲ ಅವರಿಗೆ, ನೀನೇ ಎದುರಿಗೆ ಕೂರಿಸಿಕೊಂಡು ಹೇಳು.

ಸಂಜೆ ಅವ್ವನಿಗೆ ಬಡಿಸಿ ನಾನು ಸುಮ್ಮನೆ ಕೂತೆ. ನಿನ್ನ ಅಣ್ಣ ಎದ್ದು ಹೋಗಿ ತಟ್ಟೆ ತಂದರು. ಮೊದಲು ನನಗೆ ಇಟ್ಟರು. ಮುದ್ದೆ ಒಡೆದು ಹೋಗಿತ್ತು, ಸಾರು ಅಂಚಿನಿಂದ ಚೆಲ್ಲಿತು. ಅವ್ವ ‘ಇದ್ಯಾನ್ಲಾ ಇವತ್ತು ಹೊಸ್ದು?’ ಅಂದಳು. ಒಡೆದ ಮುದ್ದೆಯನ್ನೇ ನಾನು ಉಂಡೆ.

ಕ್ಷಮಿಸಿದ್ದೇನಾ ಅಂತ ನೀನು ಕೇಳುತ್ತೀಯ. ಅವರೂ ಕೇಳಿದರು. ಇನ್ನೂ ಹೇಳಿಲ್ಲ. ಕೇಳುತ್ತಾ ಇರಲಿ ಸ್ವಲ್ಪ ದಿನ. ಆಡಿ ಮುಗಿಸಿಲ್ಲ ನಾನು. ಮೊದಲಿನ ಹಾಗೆ ನಾಲ್ಕು ದಾರಿಯ ಮುಂದೆಯೇ ನಿಂತಿದ್ದೇನೆ. ಆದರೆ ಈಗ ನಾಲ್ಕೂ ನನ್ನವು ಅನಿಸುತ್ತದೆ. ಮೈ ಹಗುರವಾಗಿದೆ ರೂಪ. ನಿನ್ನಂಥ ನಾದಿನಿ ಇರುವುದು ನನ್ನ ಪುಣ್ಯ.

ನಾಳೆ ಮಾನಸಳ ಜೊತೆ ಬತ್ತೇರಿಗೆ ಹೋಗುತ್ತಿದ್ದೇನೆ. ಅಂಗಡಿಗೆ ಸಾಮಾನು ತರಬೇಕು, ಅವ್ವನಿಗೆ ಒಂದು ಸೀರೆ, ನಿನಗೊಂದು. ಈ ಕಾಗದ ಬರೆಯುತ್ತಿದ್ದಾಗ ನಿನ್ನ ಅಣ್ಣ ಬಾಗಿಲಲ್ಲಿ ಬಂದು ನಿಂತರು. ‘ನಾನೇ ಕರ್ಕೊಂಡು ಹೋಗ್ಲಾ?’ ಅಂದರು. ಬೇಡ ಅಂದೆ. ‘ಬರೋದು ಎಷ್ಟೊತ್ತಾಗ್ತದೆ?’ ಅಂತ ಕೇಳಿದರು.

‘ಗೇಟು ಮುಚ್ಚೋದ್ರೊಳಗೆ ಬತ್ತೀನಿ’ ಅಂದೆ.

ನಿನ್ನ ಅತ್ತಿಗೆ
ನಾಗಲಕ್ಷ್ಮಿ